ರಾಟರ್‌ಡ್ಯಾಮ್‌ನಲ್ಲಿ ನೌಕರಿ, ಊರು ಮಾತ್ರ ಮನಸ್ಸಿಗೆ ಹಿಡಿಸುತ್ತಿಲ್ಲ: ಫೋಟೋಗಾಗಿ ಬೇರೆ ಊರಿಗೆ ಹೋಗಬೇಕೇ?

ಹೋಗಬೇಡಿ. ಹುಬ್ಬಳ್ಳಿಯಿಂದ ಹೋಗಿ ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಕೆಲಸಕ್ಕೆ ಸೇರಿರುವ ನೀವು, ಈ ಊರಿನ ಮೇಲೆ ಪ್ರೀತಿ ಹುಟ್ಟಿದ ಮೇಲೆ ಇದರ ಫೋಟೋ ತೆಗೆಯುತ್ತೇನೆ, ಅಲ್ಲಿಯವರೆಗೆ ರಜೆಯ ದಿನ ಕ್ಯಾಮೆರಾ ಹಿಡಿದು ಹತ್ತಿರದ ಹಳೆಯ ಊರು ಡೆಲ್ಫ್ಟ್‌ಗೋ ಕಿಂಡರ್‌ಡೈಕ್‌ನ ಗಾಳಿಯಂತ್ರಗಳ ಕಡೆಗೋ ಹೊರಡುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. ನಾನು ಧಾರವಾಡದವನು. ಅದೇ ಬಂದರಿನ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದ್ದೇನೆ.

ಸಾಧನಕೇರಿಯ ಆಸುಪಾಸಿನಲ್ಲಿ ಬೆಳೆದ ನನಗೆ ರಾಟರ್‌ಡ್ಯಾಮ್‌ನ ಅಗಲ ರಸ್ತೆಗಳು, ಗಾಜಿನ ಕಟ್ಟಡಗಳು, ಅವುಗಳ ನಡುವೆ ಬೀಸುವ ಗಾಳಿ ಯಾವುದೂ ಒಗ್ಗಲಿಲ್ಲ. ಊರು ಹಾಗಿರುವುದಕ್ಕೆ ಕಾರಣ ಗೊತ್ತಿತ್ತು. 1940ರ ಮೇ 14ರಂದು ಜರ್ಮನ್ ವಿಮಾನಗಳು ಕೆಲವೇ ನಿಮಿಷ ಬಾಂಬು ಸುರಿಸಿದವು. ಆಮೇಲೆ ಹಬ್ಬಿದ ಬೆಂಕಿ ಹಳೆಯ ಊರನ್ನು ಸುಟ್ಟುಹಾಕಿ ಸುಮಾರು 80,000 ಜನರನ್ನು ಬೀದಿಗೆ ತಂದಿತು. 1946ರ ಯೋಜನೆ ಹಳೆಯ ಓಣಿಗಳನ್ನು ಮತ್ತೆ ಕಟ್ಟುವ ಆಸೆಯನ್ನೇ ಬಿಟ್ಟು ಹೊಸ ನಕ್ಷೆ ಹಾಕಿತು. ಇಷ್ಟೆಲ್ಲ ತಿಳಿದಿದ್ದರೂ ನನ್ನ ಕಣ್ಣು ಸುಡದೆ ಉಳಿದದ್ದನ್ನಷ್ಟೇ ಹುಡುಕುತ್ತಿತ್ತು.

ನನ್ನ ತಪ್ಪು ಅಲ್ಲಿಯೇ ಆಯಿತು, ಅದನ್ನು ವಿವರವಾಗಿಯೇ ಹೇಳಬೇಕು. ಔಡೆ ಹಾವೆನ್ ಎಂಬ ಹಳೆಯ ಹಡಗುಕಟ್ಟೆಯ ದಂಡೆಯಲ್ಲಿ ನಿಂತರೆ 1898ರಲ್ಲಿ ಕಟ್ಟಿದ ಹತ್ತು ಅಂತಸ್ತಿನ ಬಿಳಿಯ ಕಟ್ಟಡ, 'ವಿಟ್ಟೆ ಹೌಸ್', ಕಾಣುತ್ತದೆ. ಅದರ ಹತ್ತಿರದಲ್ಲೇ 1984ರಲ್ಲಿ ಮುಗಿದ ಹಳದಿ ಘನಾಕೃತಿಯ ಮನೆಗಳು ಮೂಲೆಯ ಮೇಲೆ ಓರೆಯಾಗಿ ನಿಂತಿವೆ. ನಾನು ದೂರದ್ದನ್ನು ಹತ್ತಿರ ತಂದು ಸುತ್ತಲಿನದನ್ನು ಬಿಡುವ 85 ಮಿಲಿಮೀಟರ್ ಟೆಲಿ ಲೆನ್ಸ್ ಹಾಕಿ, ಎರಡು ಹೆಜ್ಜೆ ಬಲಕ್ಕೆ ಸರಿದು, ಹಳದಿ ಬಣ್ಣದ ತುಣುಕೂ ಬೀಳದಂತೆ ಬಿಳಿಯ ಕಟ್ಟಡವನ್ನೂ ನೀರಿನಲ್ಲಿದ್ದ ಹಳೆಯ ದೋಣಿಗಳನ್ನೂ ಮಾತ್ರ ಚೌಕಟ್ಟಿನೊಳಗೆ ಕೂಡಿಸುತ್ತಿದ್ದೆ. ಶಿಲ್ಪಿ ಜಾಡ್ಕಿನ್ 1953ರಲ್ಲಿ ಮಾಡಿದ ಕಂಚಿನ ಮನುಷ್ಯ ಎರಡೂ ಕೈಗಳನ್ನು ಆಕಾಶಕ್ಕೆತ್ತಿ ಕೂಗುತ್ತಾನೆ, ಅವನ ಒಡಲಿರಬೇಕಾದ ಜಾಗದಲ್ಲಿ ದೊಡ್ಡದೊಂದು ತೂತು ಇದೆ. ಸುಟ್ಟುಹೋದ ಊರಿನ ಸಲುವಾಗಿ ನಿಂತ ಆ ಮೂರ್ತಿಯನ್ನೂ ನಾನು ನೆಲಕ್ಕೆ ಮೊಣಕಾಲೂರಿ, ಹಿಂದಿನ ಕಟ್ಟಡಗಳು ತಪ್ಪಿ ಬರೀ ಮೋಡ ಕಾಣುವಂತೆ ತೆಗೆದೆ. ತಪ್ಪು ಲೆನ್ಸಿನದಲ್ಲ. ಹಳೆಯದರ ಪಕ್ಕದಲ್ಲಿ ಹೊಸದು ನಿಂತಿರುವುದೇ ಆ ಊರಿನ ಚರಿತ್ರೆ. ಚಂದವಲ್ಲವೆಂದು ನಾನು ಪ್ರತಿಸಲವೂ ಹೊರಗಿಟ್ಟದ್ದು ಅದನ್ನೇ. ಉಳಿದದ್ದು ಹಾಲೆಂಡಿನ ಯಾವ ಊರಿನಲ್ಲಾದರೂ ಸಿಗುವ ನೀರು, ಇಟ್ಟಿಗೆ, ದೋಣಿ.

ಮರಳಿ ಬಂದ ಮೇಲೆ ಧಾರವಾಡದಲ್ಲಿ ಪ್ರದರ್ಶನ ಇಡುವ ಆಸೆಯಿಂದ, ಬಹಳ ಕಾಲ ಸ್ಟುಡಿಯೋ ನಡೆಸಿದ ಹಿರಿಯರೊಬ್ಬರ ಮುಂದೆ ಪ್ರಿಂಟುಗಳನ್ನು ಹರವಿದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, "ಫೋಟೋ ಛಲೋ ಅದಾವು ತಮ್ಮಾ. ಆದ್ರ ನೀ ದುಡದ ಊರು ಇದರಾಗ ಎಲ್ಲೈತಿ?" ಎಂದು ಕೇಳಿದರು. ಉತ್ತರ ಹೇಳಲಾಗಲಿಲ್ಲ. ಪ್ರದರ್ಶನ ಕೈಬಿಟ್ಟೆ; ಮತ್ತೆ ಹೋಗಿ ತೆಗೆಯುವ ಹಾದಿಯೂ ಉಳಿದಿರಲಿಲ್ಲ.

ಆದ್ದರಿಂದ ಪ್ರೀತಿ ಹುಟ್ಟಿದ ಮೇಲೆ ತೆಗೆಯುತ್ತೇನೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಫೋಟೋಕ್ಕೆ ಬೇಕಾದದ್ದು ಗಮನ. ಹುಬ್ಬಳ್ಳಿ-ಧಾರವಾಡದ ರಸ್ತೆಯನ್ನು ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸಾರಿಗೆಗಾಗಿ ಅಗಲ ಮಾಡಿದಾಗ ನಮ್ಮ ಬಳಗದವರೆಲ್ಲ ಕಡಿದ ಮರಗಳಿಗಾಗಿ ಮರುಗಿದೆವು, ಅದು ಸರಿಯೇ. ಆದರೆ ಹೊಸ ನಿಲ್ದಾಣದ ಬಿಸಿಲಿನಲ್ಲಿ ಚಿಗರಿ ಬಸ್ಸಿಗೆ ಕಾಯುತ್ತ ನಿಂತವರನ್ನು ಯಾರೂ ತೆಗೆಯಲಿಲ್ಲ.

ಟೆಲಿ ಲೆನ್ಸನ್ನು ಮನೆಯಲ್ಲಿಟ್ಟು, ಸುತ್ತಲಿನದನ್ನೂ ಅಗಲವಾಗಿ ಹಿಡಿಯುವ 35 ಮಿಲಿಮೀಟರ್ ಲೆನ್ಸ್ ಒಂದನ್ನೇ ಒಯ್ಯಿರಿ. ಮಂಗಳವಾರ ಅಥವಾ ಶನಿವಾರ ಬಿನ್ನೆನ್‌ರೊಟ್ಟೆ ಚೌಕದಲ್ಲಿ ಸಂತೆ ಕೂಡುತ್ತದೆ. ಬಾಂಬಿಗೆ ಸುಟ್ಟು 1968ರ ಹೊತ್ತಿಗೆ ದುರಸ್ತಿ ಮುಗಿದ ಲಾರೆನ್ಸ್ ಚರ್ಚು, 2014ರ ಮಾರ್ಕೆಟ್ ಹಾಲ್, ಮೀನು ಕೊಳ್ಳುವ ಜನ ಎಲ್ಲವೂ ಅಲ್ಲಿ ಒಟ್ಟಿಗೆ ಸಿಗುತ್ತವೆ. 1942ರಲ್ಲಿ ತೆರೆದ, ನದಿಯ ಅಡಿಯಲ್ಲಿ ಹಾಯುವ ಮಾಸ್ ಸುರಂಗಕ್ಕೆ ಇಳಿಯಿರಿ. ಅದರ ಕಟ್ಟಿಗೆಯ ಎಸ್ಕಲೇಟರ್ ಮೇಲೆ ಜನ ಸೈಕಲ್ಲಿನ ಬ್ರೇಕು ಹಿಡಿದು ನಿಂತಿರುತ್ತಾರೆ, ಮುಂಜಾನೆ ನೌಕರಿಗೆ ಹೋಗುವ ಹೊತ್ತೇ ಅದಕ್ಕೆ ಸರಿ. ಬಂದರಿನ ಟರ್ಮಿನಲ್ಲುಗಳ ಒಳಗೆ ಮಾತ್ರ ಅನುಮತಿಯಿಲ್ಲದೆ ಕ್ಯಾಮೆರಾ ತೆಗೆಯಬೇಡಿ, ನೌಕರಿಗೇ ಸಂಚಕಾರ ಬಂದೀತು.

ಬೆಂಕಿ ಎಲ್ಲಿಯವರೆಗೆ ಹಬ್ಬಿತ್ತೆಂಬ ಗಡಿಯನ್ನು ಅಲ್ಲಿ ಪಾದಚಾರಿ ಮಾರ್ಗದಲ್ಲಿ ಹುದುಗಿಸಿದ ದೀಪಗಳಿಂದ ಗುರುತಿಸಿದ್ದಾರೆ. ನಿಮ್ಮ ಕಚೇರಿಯಲ್ಲಿ ಆ ಊರಿನಲ್ಲೇ ಹುಟ್ಟಿದವರಿದ್ದರೆ, ಅವರ ಅಜ್ಜ-ಅಜ್ಜಿಯ ಮನೆ ಆ ಗೆರೆಯ ಯಾವ ಕಡೆಗಿತ್ತೆಂದು ಕೇಳಿ, ಅವರನ್ನೇ ಅಲ್ಲಿಗೆ ಕರೆದೊಯ್ದು ಮೊದಲ ಫೋಟೋ ತೆಗೆಯಿರಿ.