ಸಹಿ ಹಾಕಲು ಹುಷಾರು, ಒಲೆ ಹಚ್ಚಲು ಅಲ್ಲ

"ಮೇಡಂ, ಒಂದು ಛಲೋ ಆಶ್ರಮ ಇದ್ರ ಹೇಳ್ರಿ. ರೊಕ್ಕದ ಚಿಂತಿ ಇಲ್ಲ. ಕಡೀತನಕ ಇಟ್ಕೊಂಡ್ರ ಸಾಕು."

ನಾನು ಆಪ್ತಸಲಹೆಗಾರ್ತಿ. ಈ ಫೋನು ನನಗೆ ಪದೇ ಪದೇ ಬರುತ್ತದೆ. ಮಾಡುವವರು ಅಣ್ಣನೋ ತಮ್ಮನೋ ಆಗಿರುತ್ತಾರೆ. ಮನೆಯಲ್ಲಿ ಮಾನಸಿಕ ಕಾಯಿಲೆ ಇರುವ ಒಬ್ಬರು ಇರುತ್ತಾರೆ. ಅವರನ್ನು ಇಷ್ಟು ವರ್ಷ ನೋಡಿಕೊಂಡ ತಾಯಿ ಈಚೆಗೆ ತೀರಿಕೊಂಡಿರುತ್ತಾರೆ. ಕೇಳುವವರು ಕೆಟ್ಟವರೇನಲ್ಲ. ದಾರಿ ಕಾಣದವರು ಅಷ್ಟೇ. ಆದರೂ ನಾನು ಆಶ್ರಮದ ಹೆಸರು ಕೊಡುವುದಿಲ್ಲ. ಯಾಕೆ ಕೊಡುವುದಿಲ್ಲ ಅಂತ ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ಮನೆಯಲ್ಲಿ ತಮ್ಮಂದಿರು ಕರೆಯುವ ಹಾಗೆ ಇಲ್ಲಿ ನಾನೂ ಅವರನ್ನು ಅಕ್ಕ ಎನ್ನುತ್ತೇನೆ.

ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಊರು. ಅಕ್ಕನಿಗೆ ನಲವತ್ತು ದಾಟಿದೆ. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಅನುಮಾನ ಕಾಡುವಂಥ ಮನೋರೋಗ. ಮದುವೆಯಾಗಿ ಸ್ವಲ್ಪ ದಿನಕ್ಕೇ ತವರಿಗೆ ಬಂದರು, ಮತ್ತೆ ಯಾರೂ ಕರೆಯಲು ಬರಲಿಲ್ಲ. ತಂದೆ ಮೊದಲೇ ಹೋಗಿದ್ದರು. ತಾಯಿ ಇರುವವರೆಗೆ ಗುಳಿಗೆ, ಊಟ, ಬಟ್ಟೆ ಎಲ್ಲ ತಾಯಿಯೇ. ಅವರು ತೀರಿಕೊಂಡ ಮೇಲೆ ಗುಳಿಗೆ ತಪ್ಪಿತು. ಅಕ್ಕ ಆಸ್ಪತ್ರೆ ಸೇರಿದರು. ಸುಧಾರಿಸಿಕೊಂಡು ವಾಪಸ್ ಬಂದಾಗ ಹಿತ್ತಲಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಮಂಚ ಹಾಕಿದ್ದರು. ಊಟ ಬಾಗಿಲಿಗೆ ಬರುತ್ತಿತ್ತು.

ತಮ್ಮಂದಿರಿಬ್ಬರೂ ನನ್ನ ಹತ್ತಿರ ಬಂದದ್ದು ಎರಡು ಕೆಲಸಕ್ಕೆ. ಒಂದು, ಆಶ್ರಮದ ವಿಳಾಸ. ಇನ್ನೊಂದನ್ನು ದೊಡ್ಡ ತಮ್ಮ ಸ್ವಲ್ಪ ತಡೆದು ಹೇಳಿದರು. ತಂದೆಯ ಹೆಸರಲ್ಲಿದ್ದ ಮನೆಯನ್ನು ಇಬ್ಬರ ಹೆಸರಿಗೆ ಮಾಡಿಕೊಳ್ಳಬೇಕು, ಅದಕ್ಕೆ ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. "ನಾಳೆ ಯಾರರ ತಕರಾರು ತೆಗೀಬಾರದು ನೋಡ್ರಿ. ಅಕ್ಕ ಈಗ ಹುಷಾರ ಅದಾಳ, ತಿಳೀತದ ಅಂತ ಒಂದು ಬರ್ಕೊಡ್ರಿ."

ಅಂಥ ಪತ್ರ ಕೊಡುವ ಅಧಿಕಾರ ಆಪ್ತಸಲಹೆಗಾರರಿಗೆ ಇಲ್ಲ, ಅದು ಬೇರೆ ಮಾತು. ನಾನು ಸುಮ್ನೆ ಕೇಳಿದೆ: "ಅಷ್ಟು ಹುಷಾರ್ ಇದ್ದಾರೆ ಅಂದ್ರೆ ಮನೆಯಲ್ಲಿ ಏನೇನು ಕೆಲಸ ಮಾಡ್ತಾರೆ?"

"ಏನೂ ಇಲ್ರಿ. ಅಡಗಿ ಮನಿಗೆ ಬಿಡಂಗಿಲ್ಲ. ಬೆಂಕಿ ಅಂದ್ರ ಅಂಜಿಕಿ ನಮಗ."

ಅಂಜಿಕೆಗೆ ಕಾರಣ ಇತ್ತು. ಎಷ್ಟೋ ವರ್ಷದ ಹಿಂದೆ ಕಾಯಿಲೆ ಜೋರಾಗಿದ್ದಾಗ ಅಕ್ಕ ತನ್ನ ಸೀರೆಗಳನ್ನು ಅಂಗಳದಲ್ಲಿ ಗುಡ್ಡೆ ಹಾಕಿ ಸುಟ್ಟಿದ್ದರು. ಅವತ್ತು ಚಿಕ್ಕ ತಮ್ಮನ ಹೆಂಡತಿ ಬಾಣಂತಿ, ಕೂಸು ಒಳಗೆ ಮಲಗಿತ್ತು. ಆಕೆ ಅದನ್ನು ಮರೆತಿಲ್ಲ. ಮರೆಯಬೇಕು ಅಂತ ನಾನೂ ಹೇಳುವುದಿಲ್ಲ. ಆದರೆ ಮನೆಯ ಪಾಲು ಬಿಟ್ಟುಕೊಡುವಷ್ಟು ಬುದ್ಧಿ ನೆಟ್ಟಗಿದೆ, ಚಹಾ ಕಾಸುವಷ್ಟು ಇಲ್ಲ ಅನ್ನುವ ಲೆಕ್ಕ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು.

ಮುಂದಿನ ಸಲ ಅಕ್ಕನನ್ನು ಒಬ್ಬರನ್ನೇ ಕೂರಿಸಿಕೊಂಡೆ. ಅವರು ಮಾತು ಕಡಿಮೆ. ಕೇಳಿದ್ದಕ್ಕೆ "ಹೂಂ ರೀ", "ಇಲ್ರಿ" ಅಷ್ಟೇ. ಆಶ್ರಮಕ್ಕೆ ಹೋಗ್ತೀರಾ ಅಂದರೆ ಹೂಂ ರೀ. ಮನೆಯಲ್ಲೇ ಇರ್ತೀರಾ ಅಂದರೂ ಹೂಂ ರೀ. ಇಂಥ ಉತ್ತರವನ್ನು ಒಪ್ಪಿಗೆ ಅಂತ ಬರೆದುಕೊಳ್ಳುವವರು ಬೇಕಾದಷ್ಟು ಮಂದಿ ಇದ್ದಾರೆ. ಎಷ್ಟೋ ವರ್ಷದಿಂದ ಯಾರೂ ಏನನ್ನೂ ಕೇಳದೇ ಇದ್ದವರು ಮೊದಮೊದಲು ಹೀಗೇ ಹೇಳುತ್ತಾರೆ. ನಾನು ಪ್ರಶ್ನೆ ಬದಲಿಸಿದೆ. ಕಾಯಿಲೆ ಬಂದ ಮೇಲೆ ಯಾವ ಕಾಲ ಛಲೋ ಇತ್ತು ಅಂತ ಕೇಳಿದೆ.

ತಡ ಮಾಡಲಿಲ್ಲ. "ಗಾಣಗಾಪುರದಾಗ ಇದ್ದಾಗ್ರಿ."

ನನಗೆ ಆಶ್ಚರ್ಯವಾಯಿತು. ಅಫಜಲಪುರ ತಾಲ್ಲೂಕಿನ ಗಾಣಗಾಪುರ ಈ ಕಡೆಯವರಿಗೆಲ್ಲ ಗೊತ್ತು. ಗಾಳಿ ಸೋಕಿದೆ ಅಂತ ದತ್ತಾತ್ರೇಯನ ಸನ್ನಿಧಿಗೆ ಕರೆತರುತ್ತಾರೆ. ಕೆಲವರು ತಿಂಗಳುಗಟ್ಟಲೆ ಅಲ್ಲೇ ಉಳಿದು ಸೇವೆ ಮಾಡುತ್ತಾರೆ. ಅಕ್ಕನನ್ನೂ ತಾಯಿ ಹಾಗೆ ಕರೆದುಕೊಂಡು ಹೋಗಿದ್ದರು. ತಮ್ಮಂದಿರು ಅದನ್ನು ಮೊದಲೇ ಹೇಳಿದ್ದರು, ದೇವರು ಸ್ವಲ್ಪ ದಿನ ಕಮ್ಮಿ ಮಾಡಿದ್ದ, ಮತ್ತೆ ಬಂತು ಅಂತ.

"ಅಲ್ಲಿ ಏನು ಛಲೋ ಇತ್ತು ಅಕ್ಕ?"

"ಒಂದು ಖೋಲಿ ಬಾಡಿಗಿ ಹಿಡಿದಿದ್ವಿರಿ, ನಾನೂ ಅವ್ವನೂ. ಅವ್ವಗ ಮೊಣಕಾಲ ನೋವು. ರೊಟ್ಟಿ ನಾನೇ ಬಡೀತಿದ್ದೆ. ಮಧ್ಯಾಹ್ನ ಮಧುಕರಿ ಭಿಕ್ಷಾ ಬೇಡಾಕ ಬರ್ತಾರಲ್ರಿ, ಅವರಿಗೂ ಹಾಕ್ತಿದ್ದೆ. ಒಬ್ಬೊಬ್ಬರಿಗೆ ಒಂದೊಂದು."

"ಗುಳಿಗೆ?"

"ಅವ್ವ ಗಂಟಿನಾಗ ಕಟ್ಕೊಂಡು ಬಂದಿದ್ಲು. ಉಂಡ ಮ್ಯಾಲ ಕೊಡ್ತಿದ್ಲು."

ಆಮೇಲೆ ನಾನು ಕೇಳದೇ ಅವರೇ ಹೇಳಿದರು. "ಮನ್ಯಾಗ ನಂಗ ಎಲ್ಲಾ ಕೊಡ್ತಾರ್ರಿ. ಒಲಿ ಒಂದು ಕೊಡಂಗಿಲ್ಲ."

ನಾನು ಕೊಟ್ಟ ಸಲಹೆ ಪೂರ್ತಿ ಈ ಮಾತಿನ ಮೇಲೆ ನಿಂತಿದೆ. ಗಾಣಗಾಪುರದಲ್ಲಿ ಆದದ್ದು ಪವಾಡವೋ ಅಲ್ಲವೋ, ಆ ವಾದಕ್ಕೆ ನಾನು ಹೋಗುವುದಿಲ್ಲ. ನನಗೆ ಕಂಡದ್ದು ಇಷ್ಟು. ಗುಳಿಗೆ ತಪ್ಪಿರಲಿಲ್ಲ. ತಲೆ ಮೇಲೆ ಒಂದು ಸೂರು ಇತ್ತು. ದಿನಾ ಒಂದು ಕೆಲಸ ಇತ್ತು. ಬೈಯುವವರು ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಅವರು ಇನ್ನೊಬ್ಬರಿಗೆ ಕೊಡುವವರಾಗಿದ್ದರು. ಶರಣಬಸವೇಶ್ವರರ ದಾಸೋಹ ನೋಡಿ ಬೆಳೆದ ಕಲಬುರಗಿಯವರಿಗೆ ನೀಡುವ ಕೈಯ ಬೆಲೆ ಏನು ಅಂತ ನಾನು ಹೇಳಬೇಕಾ? ಕಾಯಿಲೆಯವರಿಗೆ ಊಟ ಹಾಕುವುದೇ ಪುಣ್ಯ ಅಂದುಕೊಳ್ಳುತ್ತೇವೆ. ಅವರ ಕೈಯಿಂದ ಒಂದು ರೊಟ್ಟಿ ಇಸಿದುಕೊಳ್ಳುವುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಇದು ಬರೀ ನನ್ನ ಭಾವುಕತೆ ಅಂದುಕೊಳ್ಳಬೇಡಿ. 1950ರ ದಶಕದಲ್ಲೇ ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಮಾನಸಿಕ ಆಸ್ಪತ್ರೆಯಿಂದ ಹೊರಬಂದ ಗಂಡಸರು ಎಲ್ಲಿ ಹೋಗಿ ಉಳಿದರು, ಆಮೇಲೆ ಏನಾಯಿತು ಅಂತ ನೋಡಿದ್ದರು. ತಂದೆತಾಯಿಯ ಹತ್ತಿರ ಅಥವಾ ಹೆಂಡತಿಯ ಹತ್ತಿರ ಹೋದವರಿಗಿಂತ ಬಾಡಿಗೆ ಖೋಲಿಯಲ್ಲಿ ಉಳಿದವರು ಸುಧಾರಿಸಿದ್ದರು. 1976ರಲ್ಲಿ ವಾನ್ ಮತ್ತು ಲೆಫ್ ಎಂಬ ಸಂಶೋಧಕರು ಇದನ್ನು ಇನ್ನೂ ಸ್ಪಷ್ಟ ಮಾಡಿದರು. ಸದಾ ಕೊಂಕು, ಸಿಟ್ಟು, ಅತಿ ಕಾಳಜಿ ಇರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಅಂಥ ಮನೆಯಲ್ಲೂ ಗುಳಿಗೆ ತಪ್ಪದಿದ್ದರೆ, ಮುಖಾಮುಖಿ ಇರುವ ಹೊತ್ತು ವಾರಕ್ಕೆ 35 ಗಂಟೆಗಿಂತ ಕಡಿಮೆ ಇದ್ದರೆ, ಅಪಾಯ ಇಳಿಯುತ್ತದೆ. ಚಂಡೀಗಢದಲ್ಲಿ ಇದೇ ರೀತಿ ನೋಡಿದಾಗ ಇಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಇದ್ದವು. ನಮ್ಮ ಕುಟುಂಬಗಳು ತಾಳ್ಮೆಯವು, ಸುಳ್ಳಲ್ಲ. ಆದರೆ ಆ ತಾಳ್ಮೆ ಹೆಚ್ಚಾಗಿ ಒಬ್ಬ ತಾಯಿಯದೇ ಆಗಿರುತ್ತದೆ.

ನಾನು ತಮ್ಮಂದಿರಿಗೆ ಹೇಳಿದ್ದು ಹೀಗೆ. ಆಶ್ರಮ ಬೇಡ. ಹಿತ್ತಲಿನ ಶೆಡ್ಡೂ ಬೇಡ. ರಸ್ತೆ ಕಡೆಗೆ ನಿಮ್ಮದೊಂದು ಬಾಡಿಗೆ ಖೋಲಿ ಇದೆಯಲ್ಲ, ಅದನ್ನು ಖಾಲಿ ಮಾಡಿಸಿ ಅಕ್ಕನಿಗೆ ಕೊಡಿ. ಅಲ್ಲಿ ಅವರದೇ ಒಲೆ, ಅವರದೇ ಭಾಂಡೆ ಇರಲಿ. ಬಾಗಿಲು ಬೇರೆ ಇರಲಿ, ಅಂಗಳ ಒಂದೇ ಇರಲಿ.

"ಬಾಡಿಗಿ ಹೋಗ್ತದಲ್ರಿ," ಅಂದರು. ಹೋಗುತ್ತದೆ. ಆಶ್ರಮಕ್ಕೆ ತಿಂಗಳು ತಿಂಗಳು ಕಟ್ಟಲು ತಯಾರಿದ್ದ ರೊಕ್ಕದ ಮುಂದೆ ಅದು ಎಷ್ಟು ಅಂತ ಲೆಕ್ಕ ಹಾಕಿಸಿದೆ. ಅಲ್ಲಿಗೆ ಆ ಮಾತು ಮುಗಿಯಿತು.

ಶೆಡ್ಡು ಯಾಕೆ ಬೇಡ ಅಂದೆ ಅಂದರೆ, ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಮನೋರೋಗದ ಕೆಲವು ಗುಳಿಗೆಗಳು ಮೈಯ ಬಿಸಿ ಹಿಡಿತದಲ್ಲಿಡುವ ಶಕ್ತಿಯನ್ನು ತಗ್ಗಿಸುತ್ತವೆ. ಕೈ ನಡುಕಕ್ಕೆ ಅಂತ ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕಡಿಮೆ ಮಾಡುತ್ತದೆ. ಅಂಥವರನ್ನು ತಗಡಿನ ಕೆಳಗೆ ಇಡುವುದು ಅಪಾಯ. ಲಿಥಿಯಂ ಅನ್ನುವ ಮನೋರೋಗದ ಗುಳಿಗೆ ತಗೊಳ್ಳುವವರಿಗಂತೂ ಬೇಸಿಗೆಯಲ್ಲಿ ಮೈಯಲ್ಲಿ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಏರಿ ವಿಷವಾಗಬಹುದು. ಈ ಮಾತನ್ನು ಎಲ್ಲ ಮನೆಯವರೂ ತಮ್ಮ ವೈದ್ಯರ ಹತ್ತಿರ ಕೇಳಿ ತಿಳಿದುಕೊಳ್ಳಿ. ತಾವಾಗೇ ಗುಳಿಗೆ ನಿಲ್ಲಿಸಬೇಡಿ.

ಒಲೆಯ ವಿಚಾರ ಬಂದಾಗ ಚಿಕ್ಕ ತಮ್ಮನ ಹೆಂಡತಿ ಎದ್ದು ಹೋದರು. ಅವರನ್ನು ಬೇರೆ ಕರೆದು ಮಾತಾಡಿದೆ. "ನೀವು ಒಂದು ದಿನ ಬಂದು ಹೇಳಿ ಹೋಗ್ತೀರಿ, ರಾತ್ರಿ ನಿದ್ದಿ ಕೆಡೋದು ನಂದು," ಅಂದರು. ನಿಜ. ಹಾಗಾಗಿ ಅವರ ಷರತ್ತುಗಳನ್ನೇ ಇಟ್ಟುಕೊಂಡು ನಿಯಮ ಮಾಡಿದೆವು. ಮೊದಲು ಹಗಲು ಮಾತ್ರ ಅಡಿಗೆ, ಮನೆಯಲ್ಲಿ ದೊಡ್ಡವರು ಯಾರಾದರೂ ಇರುವಾಗ. ರಾತ್ರಿ ಸಿಲಿಂಡರಿನ ರೆಗ್ಯುಲೇಟರ್ ಬಂದ್. ಅದನ್ನು ಬಂದ್ ಮಾಡುವವರು ಅಕ್ಕನೇ, ನೋಡಿಕೊಳ್ಳುವವರು ತಮ್ಮ. ಎರಡು ರಾತ್ರಿ ಸತತ ನಿದ್ದೆ ಬರದಿದ್ದರೆ ಅಕ್ಕನೇ ಹೇಳಬೇಕು, ಆಗ ಒಲೆಗೆ ರಜೆ, ವೈದ್ಯರ ಭೇಟಿ. ಇದೆಲ್ಲವನ್ನೂ ಅಕ್ಕ ಹೇಳಿದ ಹಾಗೆ ಬರೆದು ಎಲ್ಲರೂ ಸಹಿ ಹಾಕಿದರು. ಕಾಯಿಲೆ ಮರಳಿದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಹುಷಾರಿದ್ದಾಗಲೇ ಬರೆದಿಡುವ ಹಕ್ಕು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಅದನ್ನು ಕಾನೂನಿನ ಕ್ರಮದಲ್ಲಿ ಬೇರೆ ಮಾಡಿಸಬೇಕು. ಇದು ಮನೆಯ ಮಟ್ಟಿನ ಕಾಗದ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಅಕ್ಕನ ಹತ್ತಿರ ಹೋದಾಗ "ಗುಳಗಿ ತಗೊಂಡಿ?" ಅನ್ನುವುದೇ ಮೊದಲ ಮಾತಾಗಬಾರದು. ಗುಳಿಗೆ ಡಬ್ಬಿಯನ್ನು ವಾರಕ್ಕೊಮ್ಮೆ ಕೂತು ಎಣಿಸಿ, ಮುಗೀತು. ಉಳಿದ ದಿನ ಏನು ಪಲ್ಯ ಮಾಡಿದಿ ಅಂತ ಕೇಳಿ.

ನನ್ನ ಜೊತೆ ಕೆಲಸ ಮಾಡುವ ವೈದ್ಯರೊಬ್ಬರಿಗೆ ಈ ಸಲಹೆ ಹಿಡಿಸಲಿಲ್ಲ. ನಾಳೆ ಏನಾದರೂ ಆದರೆ ಹೆಸರು ಬರುವುದು ನಿಮ್ಮದು ಅಂದರು. ಅವರ ಮಾತಿನಲ್ಲಿ ಹುರುಳಿದೆ. ಕಿವಿಯಲ್ಲಿ "ಸುಟ್ಟುಕೋ" ಅಂತ ಧ್ವನಿ ಕೇಳುತ್ತಿರುವವರಿಗೆ, ಸಾಯುವ ಯೋಚನೆ ಇರುವವರಿಗೆ, ಕುಡಿತ ಬಿಡದವರಿಗೆ ಈ ಸಲಹೆ ನಾನು ಕೊಡುವುದಿಲ್ಲ. ಅವರಿಗೆ ಮೊದಲು ಆಸ್ಪತ್ರೆ. ಆದರೆ ಅಕ್ಕನ ಕಾಯಿಲೆ ಹತೋಟಿಯಲ್ಲಿತ್ತು. ಒಬ್ಬರನ್ನು ಸಾಯುವವರೆಗೂ ಒಂದು ಮಂಚದ ಮೇಲೆ ಕೂರಿಸುವುದೂ ಒಂದು ಅಪಾಯವೇ. ಅದರಿಂದ ಯಾರ ಹೆಸರೂ ಪೇಪರಿನಲ್ಲಿ ಬರುವುದಿಲ್ಲ ಅಷ್ಟೇ.

ಆಶ್ರಮ ಹುಡುಕುವವರು ಕಾನೂನು ಏನು ಹೇಳುತ್ತದೆ ಅಂತ ಒಮ್ಮೆ ನೋಡಬೇಕು. 2017ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇರುವವರಿಗೆ ಸಮಾಜದ ನಡುವೆ ಬದುಕುವ ಹಕ್ಕಿದೆ. ಮನೆಯವರು ಇಲ್ಲ ಅಥವಾ ಬೇಡ ಅಂದರು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಯಾದ ಹಾಫ್‌ವೇ ಹೋಮ್, ಕೆಲವರು ಒಟ್ಟಿಗೆ ಇರುವ ಗ್ರೂಪ್ ಹೋಮ್‌ಗಳನ್ನು ಒದಗಿಸುವ ಹೊಣೆ ಸರ್ಕಾರದ್ದು. ಬೆಂಗಳೂರಿನಲ್ಲಿ ಹಾಫ್‌ವೇ ಹೋಮ್‌ಗಳು 1970ರ ದಶಕದಿಂದಲೇ ಇವೆ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ 2015ರಲ್ಲಿ 'ಹೋಮ್ ಅಗೇನ್' ಶುರು ಮಾಡಿತು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದವರು ನಾಲ್ಕೈದು ಮಂದಿ ಸೇರಿ ಊರ ನಡುವೆ ಬಾಡಿಗೆ ಮನೆಯಲ್ಲಿ ಇರುತ್ತಾರೆ, ಸಹಾಯಕ್ಕೆ ಕಾರ್ಯಕರ್ತರು ಇರುತ್ತಾರೆ. ನಮ್ಮ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ ಮುಂದೆ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ಆಯಿತು. ಗುಳಿಗೆ ನಮ್ಮ ಮನೆ ಹತ್ತಿರ ಬಂತು. ಇರಲು ಒಂದು ಮನೆ ಬರುವುದು ಬಾಕಿ ಇದೆ.

ಯಾರಾದರೂ ಇಟ್ಟುಕೊಳ್ಳುತ್ತೇವೆ ಅಂದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ತೋರಿಸಿ ಅಂತ ಕೇಳಿ. ಒಳಗಿರುವವರು ಬೇಕೆಂದಾಗ ಮನೆಗೆ ಫೋನ್ ಮಾಡಬಹುದಾ, ಹೊರಗೆ ಅಂಗಡಿಗೆ ಹೋಗಿ ಬರಬಹುದಾ ಅಂತ ಕೇಳಿ. ಯಾರ ಕಾಲಿಗಾದರೂ ಸರಪಳಿ ಕಂಡರೆ ಅಲ್ಲಿಂದ ಎದ್ದು ಬನ್ನಿ. ಸರಪಳಿ ಹಾಕುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿದೆ. ಮಧ್ಯರಾತ್ರಿ ಏನು ಮಾಡಬೇಕು ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಅಕ್ಕ ಆ ಖೋಲಿಗೆ ಬಂದು ಒಂದು ಬೇಸಿಗೆ ಕಳೆದಿದೆ. ಎಲ್ಲ ಸರಿಹೋಯಿತು ಅನ್ನಲಾರೆ. ಒಮ್ಮೆ ನಿದ್ದೆ ಕೆಟ್ಟಿತು. ಅಕ್ಕ ಹೇಳಲಿಲ್ಲ, ಓಣಿಯವರು ಹೇಳಿದರು. ಗುಳಿಗೆಯ ಪ್ರಮಾಣ ಬದಲಿಸಿದ ಮೇಲೆ ತಹಬಂದಿಗೆ ಬಂತು. ಈಗ ತಿಂಗಳಿಗೊಮ್ಮೆ ಇಂಜೆಕ್ಷನ್ ತಗೊಳ್ಳುವ ಮಾತು ನಡೆದಿದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದ್ದೇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ ಅಂತ ಆ ಮನೆಯವರಿಗೆ ಗೊತ್ತೇ ಇರಲಿಲ್ಲ. ಮಾಸಾಶನ ಮಂಜೂರಾದರೆ ಅಕ್ಕನದೇ ಖಾತೆಗೆ ಬರಬೇಕು ಅಂತ ಹಟ ಹಿಡಿದದ್ದು ಮಾತ್ರ ನಾನು. ಚಿಕ್ಕ ತಮ್ಮನ ಹೆಂಡತಿ ಇನ್ನೂ ಆ ಖೋಲಿಯೊಳಗೆ ಕಾಲಿಟ್ಟಿಲ್ಲ. ಮಕ್ಕಳು ಹೋಗಿ ಉಂಡು ಬರುತ್ತವೆ, ಆಕೆ ತಡೆಯುವುದಿಲ್ಲ.

ಹಕ್ಕು ಬಿಡುಗಡೆ ಪತ್ರ ಹಾಗೇ ಉಳಿದಿದೆ. ತಂದೆ ಮೃತ್ಯುಪತ್ರ ಬರೆದಿರಲಿಲ್ಲ, ಹಾಗಾಗಿ ಮಗಳಿಗೂ ಪಾಲಿದೆ. ಕಾಯಿಲೆ ಇದೆ ಅಂತ ಪಾಲು ತಪ್ಪುವುದಿಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಅದನ್ನು ನೇರವಾಗಿ ಹೇಳುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ ಸಿಗುತ್ತಾರೆ ಅಂತ ಅಕ್ಕನಿಗೆ ಹೇಳಿದೆ. "ತಮ್ಮಗೋಳ ಮ್ಯಾಲ ಕೋರ್ಟಿಗಿ ಹೋಗಂಗಿಲ್ರಿ ನಾ," ಅಂದರು. ನಾನು ಒತ್ತಾಯ ಮಾಡಲಿಲ್ಲ. ಪತ್ರಕ್ಕೆ ಸಹಿ ಹಾಕುವ ಮುಂಚೆ ಒಬ್ಬ ವಕೀಲರ ಹತ್ತಿರ ಓದಿಸಿ ಅಂದೆ. ಅದಕ್ಕೆ ಒಪ್ಪಿದ್ದಾರೆ.