ಪ್ರತಿ: ನನಗೆ ಟೈಪ್ 1, ಅವರಿಗೆ ಟೈಪ್ 2 – ಅಪಾಯ ಇದೆಯೇ?
ನಿಮಗೆ ತುಟಿಯಲ್ಲಿ ಟೈಪ್ 1 ಹರ್ಪಿಸ್ (ಗುಳ್ಳೆ ಎಬ್ಬಿಸುವ ವೈರಸ್ ಸೋಂಕು), ಮದುವೆಯಾಗಲಿರುವವರಿಗೆ ಜನನಾಂಗದಲ್ಲಿ ಟೈಪ್ 2. ಒಂದು ಹರ್ಪಿಸ್ ಇರುವುದರಿಂದ ಇನ್ನೊಂದು ತಗಲುವುದಿಲ್ಲ ಅಲ್ಲವೇ ಎಂದು ಕೇಳಿದ್ದೀರಿ. ತಗಲಬಹುದು. ಎರಡೂ ಬೇರೆ ವೈರಸ್‌ಗಳು. ಟೈಪ್ 1 ಮೊದಲೇ ಇದ್ದವರಿಗೆ ಟೈಪ್ 2 ಬಂದರೆ ಮೊದಲ ಸಲದ ನೋವು, ಜ್ವರ ಸಾಮಾನ್ಯವಾಗಿ ಕಡಿಮೆ, ಅಷ್ಟೇ. ಅದನ್ನೇ ರಕ್ಷಣೆ ಎಂದು ನಂಬಿಕೊಳ್ಳಬೇಡಿ.

ಗುಳ್ಳೆ ಕಾಣದ ದಿನವೂ ಚರ್ಮದಿಂದ ವೈರಸ್ ಹೊರಬರುತ್ತದೆ. ಬಹಳಷ್ಟು ಜನ ಎಡವುವುದು ಇಲ್ಲೇ. ಉರಿ, ಜುಮುಜುಮು ಶುರುವಾದಾಗಿನಿಂದ ಗಾಯ ಪೂರ್ತಿ ಮಾಯುವವರೆಗೆ ಸೇರುವುದು ಬೇಡ, ಕಾಂಡೋಮ್ ಇದ್ದರೂ. ಉಳಿದ ದಿನ ಕಾಂಡೋಮ್ ಅಪಾಯ ಇಳಿಸುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದಲೂ ಸೋಂಕು ದಾಟಬಹುದು. ಅವರು ದಿನವೂ ವ್ಯಾಲಾಸೈಕ್ಲೋವಿರ್ (ಹರ್ಪಿಸ್ ವೈರಸ್ ಹತ್ತಿಕ್ಕುವ ಮಾತ್ರೆ) ತೆಗೆದುಕೊಳ್ಳುವ ಬಗ್ಗೆ ಚರ್ಮ ಮತ್ತು ಗುಹ್ಯರೋಗ ತಜ್ಞರನ್ನು ಕೇಳಲಿ. 2004ರಲ್ಲಿ ಪ್ರಕಟವಾದ, ಸುಮಾರು 1,500 ಜೋಡಿಗಳ ಅಧ್ಯಯನದಲ್ಲಿ ದಿನಕ್ಕೆ 500 ಮಿ.ಗ್ರಾಂ. ಮಾತ್ರೆಯಿಂದ ಸಂಗಾತಿಗೆ ಟೈಪ್ 2 ಹರಡುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ನಿಮ್ಮ ಕಡೆಯಿಂದ: ತುಟಿಯಲ್ಲಿ ಗುಳ್ಳೆ ಎದ್ದಾಗ ಮುತ್ತು, ಮುಖಮೈಥುನ ಎರಡೂ ಬೇಡ. ಟೈಪ್ 1 ಹಾಗೆ ಜನನಾಂಗಕ್ಕೂ ಹೋಗುತ್ತದೆ.

ಮುಂದೆ ಬಸುರಿಯಾದರೆ ಇದನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಿ. ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ತಗಲಿದರೆ ಮಗುವಿಗೆ ಅಪಾಯ ಹೆಚ್ಚು. ಅಂದಹಾಗೆ, ನಿಮ್ಮ ಅತ್ತಿಗೆ ಹೇಳಿದ ಸರ್ಪಸುತ್ತು ಇದಲ್ಲ, ಅದು ಇದೇ ಕುಟುಂಬದ ಬೇರೆ ವೈರಸ್.

ಅವರು ಮದುವೆಗೆ ಮೊದಲೇ ಬಾಯಿಬಿಟ್ಟು ಹೇಳಿದರಲ್ಲ, ಅದು ನನಗೆ ತುಂಬ ಹಿಡಿಸಿತು. ವೈದ್ಯರ ಹತ್ತಿರ ಇಬ್ಬರೂ ಒಟ್ಟಿಗೇ ಹೋಗಿ.