ಮೇಲ್ಮನೆ ಆರಿಸಿದರೂ ಟಕಾಕೊ ದೊಯಿ ಪ್ರಧಾನಿಯಾಗಲಿಲ್ಲವೇಕೆ?

ಪ್ರಶ್ನೆ: 1989ರಲ್ಲಿ ಜಪಾನ್ ಸಂಸತ್ತಿನ ಮೇಲ್ಮನೆಯು ಟಕಾಕೊ ದೊಯಿ ಅವರನ್ನು ಪ್ರಧಾನಿ ಹುದ್ದೆಗೆ ಆರಿಸಿತ್ತೆಂದು ಓದಿದೆ. ಆದರೂ ಅವರು ಪ್ರಧಾನಿಯಾಗಲಿಲ್ಲವೇಕೆ?

ಉತ್ತರ: ಜಪಾನಿನಲ್ಲಿ ಪ್ರಧಾನಿಯ ಆಯ್ಕೆಗೆ ಎರಡೂ ಸದನಗಳು ಮತ ಹಾಕುತ್ತವೆ. ಎರಡರ ಆಯ್ಕೆ ಬೇರೆಯಾಗಿ, ಜಂಟಿ ಸಮಿತಿಯಲ್ಲೂ ಒಮ್ಮತ ಮೂಡದಿದ್ದರೆ, ಸಂವಿಧಾನದ 67ನೇ ವಿಧಿಯಂತೆ ಕೆಳಮನೆಯ ತೀರ್ಮಾನವೇ ಅಂತಿಮ. 1989ರ ಆಗಸ್ಟ್‌ನಲ್ಲಿ ಮೇಲ್ಮನೆ ದೊಯಿ ಅವರನ್ನೂ, ಕೆಳಮನೆ ತೊಶಿಕಿ ಕೈಫು ಅವರನ್ನೂ ಆರಿಸಿದವು, ಕೈಫು ಪ್ರಧಾನಿಯಾದರು.

ಮೇಲ್ಮನೆಯ ಆ ಆಯ್ಕೆಯ ಹಿಂದೆ ಒಂದು ತಿಂಗಳ ಹಿಂದಷ್ಟೇ ನಡೆದ ಚುನಾವಣೆಯಿತ್ತು. ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶೇ 3ರ ಬಳಕೆ ತೆರಿಗೆ ದಿನಸಿಯ ಬಿಲ್ಲಿನಲ್ಲೇ ಕಣ್ಣಿಗೆ ಹೊಡೆಯುತ್ತಿತ್ತು; ಅದರ ಮೇಲೆ ರಿಕ್ರೂಟ್ ಎಂಬ ಕಂಪನಿ ರಾಜಕಾರಣಿಗಳಿಗೆ ಷೇರು ಹಂಚಿದ ಹಗರಣ ಬೇರೆ. ಆಳುವ ಲಿಬರಲ್ ಡೆಮಾಕ್ರಟಿಕ್ ಪಕ್ಷ 36 ಸ್ಥಾನಗಳಿಗೆ ಕುಸಿದು ಮೇಲ್ಮನೆಯ ಬಹುಮತ ಕಳೆದುಕೊಂಡರೆ, ದೊಯಿ ನೇತೃತ್ವದ ಸಮಾಜವಾದಿ ಪಕ್ಷ 46 ಸ್ಥಾನ ಗೆದ್ದಿತು. ಅವರು ಕಣಕ್ಕಿಳಿಸಿದ ಮಹಿಳೆಯರಲ್ಲಿ ಹಲವರು ರಾಜಕೀಯಕ್ಕೆ ಹೊಸಬರಾಗಿದ್ದರು.

ಕೋಬೆಯಲ್ಲಿ 1928ರಲ್ಲಿ ಹುಟ್ಟಿ, ದೋಶಿಶಾ ವಿಶ್ವವಿದ್ಯಾಲಯದಲ್ಲಿ ಸಂವಿಧಾನ ಬೋಧಿಸುತ್ತಿದ್ದ ದೊಯಿ 1969ರಲ್ಲಿ ಕೆಳಮನೆ ಪ್ರವೇಶಿಸಿದರು. ಅವರ ಸಂಸದೀಯ ಕೆಲಸದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಪೌರತ್ವ ಕಾನೂನಿನ ಪ್ರಶ್ನೆ. ಆಗ ಪೌರತ್ವ ತಂದೆಯ ಮೂಲಕವೇ ಬರುತ್ತಿದ್ದುದರಿಂದ, ಒಕಿನಾವಾದಲ್ಲಿ ಅಮೆರಿಕನ್ ಸೈನಿಕರಿಗೂ ಜಪಾನಿ ತಾಯಂದಿರಿಗೂ ಹುಟ್ಟಿ, ಅಮೆರಿಕದ ಪೌರತ್ವವೂ ಸಿಗದ ಕೆಲವು ಮಕ್ಕಳು ಯಾವ ದೇಶಕ್ಕೂ ಸೇರದೆ ಉಳಿದಿದ್ದರು. ಈ ಅನ್ಯಾಯವನ್ನು ದೊಯಿ ಸದನದಲ್ಲಿ ಪಟ್ಟುಹಿಡಿದು ಪ್ರಶ್ನಿಸಿದರು; 1984ರ ತಿದ್ದುಪಡಿಯಿಂದ ತಾಯಿಯ ಮೂಲಕವೂ ಪೌರತ್ವ ದೊರೆಯುವಂತಾಯಿತು.

1986ರಲ್ಲಿ ಪಕ್ಷ ಹೀನಾಯವಾಗಿ ಸೋತಾಗ ಅದರ ಚುಕ್ಕಾಣಿ ಹಿಡಿದ ಅವರು, ಜಪಾನಿನ ಪ್ರಮುಖ ಪಕ್ಷವೊಂದರ ಮೊದಲ ಅಧ್ಯಕ್ಷೆಯಾದರು. 1993ರಿಂದ 1996ರವರೆಗೆ ಕೆಳಮನೆಯ ಮೊದಲ ಮಹಿಳಾ ಸಭಾಧ್ಯಕ್ಷೆಯೂ ಆಗಿದ್ದರು.

ಪ್ರಧಾನಿ ಹುದ್ದೆ ನಿಜವಾಗಿ ಕೈತಪ್ಪಿದ್ದು 1989ರಲ್ಲಲ್ಲ, 1990ರ ಕೆಳಮನೆ ಚುನಾವಣೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಒಂದೇ ಕ್ಷೇತ್ರದಿಂದ ಹಲವರು ಗೆಲ್ಲುವ ಆಗಿನ ವ್ಯವಸ್ಥೆಯಲ್ಲಿ, ಇನ್ನೊಬ್ಬ ಅಭ್ಯರ್ಥಿ ಬಂದರೆ ತಮ್ಮ ಮತ ಹಂಚಿಹೋದೀತೆಂದು ಪಕ್ಷದ ಹಾಲಿ ಸದಸ್ಯರು ಹೆದರುತ್ತಿದ್ದರು. ಹೀಗಾಗಿ 512 ಸ್ಥಾನಗಳ ಸದನದಲ್ಲಿ ಬಹುಮತಕ್ಕೆ ಬೇಕಾದ 257 ಅಭ್ಯರ್ಥಿಗಳನ್ನೂ ಪಕ್ಷ ನಿಲ್ಲಿಸಲಿಲ್ಲ. ಅದು 136 ಸ್ಥಾನ ಗೆದ್ದು ಗಮನಾರ್ಹವಾಗಿ ಬೆಳೆಯಿತಾದರೂ, ಆಳುವ ಪಕ್ಷ 275 ಸ್ಥಾನಗಳೊಂದಿಗೆ ಅಧಿಕಾರ ಉಳಿಸಿಕೊಂಡಿತು.